ಇಳಿಯದ ಕಾಫಿ

ನನ್ನ ಅವ್ವ ತಿಪ್ಪಮ್ಮನಿಗೆ ಮರೆಯುವ ಗುಣವನ್ನು ದೇವರು ಕೊಡಲಿಲ್ಲ. ಕೊಟ್ಟಿದ್ದರೂ ಬೇಡವೆಂದು ವಾಪಸು ಕಳಿಸುತ್ತಿದ್ದಳು.

ಅವಳ ತವರು ಹರಿಹರ. ಮದುವೆಯಾಗಿ ದಾವಣಗೆರೆಗೆ ಬಂದ ಮೊದಲ ವರ್ಷ ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋದ. ಹಬ್ಬಕ್ಕೆ ಬಂದ ನೆಂಟರಿಗೆ ಅವ್ವ ಬೆಲ್ಲ ಹಾಕಿ ಕಾಫಿ ಕಾಸಿದಳು. ಅಣ್ಣನ ಹೆಂಡತಿ ಊರಮ್ಮ ಒಂದು ಗುಟುಕು ಕುಡಿದು, ಎಮ್ಮೆಗಾದರೂ ಸೇರುತ್ತದೇನೋ ನೋಡೋಣ ಎಂದು ಇಡೀ ಪಾತ್ರೆಯನ್ನು ಎಲ್ಲರೆದುರು ಕಲಗಚ್ಚಿನ ಬಾನಿಗೆ ಸುರಿದಳು. ನೆಂಟರು ನಕ್ಕರು. ಅಣ್ಣನೂ ನಕ್ಕ. ಆಮೇಲೆ ಅವ್ವ ಯಾವ ಪಂಚಮಿಗೂ ತವರಿಗೆ ಹೋಗಲಿಲ್ಲ. ಅಣ್ಣ ಕರೆಯಲು ಬಂದರೆ ಜ್ವರ ಬಂದಿದೆ ಎಂದು ಅಪ್ಪನ ಕೈಲಿ ಹೇಳಿಸುತ್ತಿದ್ದಳು.

ಅಪ್ಪ ಹತ್ತಿ ಗಿರಣಿಯಲ್ಲಿ ಫಿಟ್ಟರ್. ಕೆಲಸ ಬಿಟ್ಟು ತಮ್ಮ ಊರಿಗೆ ಹೊರಟ ಇಂಜಿನಿಯರೊಬ್ಬರು ಅವನಿಗೆ ಗಾಜಿನ ಕಾಫಿ ಮಿಷಿನ್ ಕೊಟ್ಟು ಹೋದರು. ಒಂದರ ಮೇಲೊಂದು ಎರಡು ಗಾಜಿನ ಬುರುಡೆ, ನಡುವೆ ಕೊಳವೆ, ಸೋಸಲು ಬಟ್ಟೆ. ಕೆಳಗಿನದರಲ್ಲಿ ನೀರು ಹಾಕಿ ಸ್ಟೌ ಹಚ್ಚಿದರೆ ನೀರು ಮೇಲಕ್ಕೇರಿ ಕಾಫಿಪುಡಿಯಲ್ಲಿ ಬೆರೆಯುತ್ತದೆ. ಬೆಂಕಿಯಿಂದ ತೆಗೆದರೆ ಮಾತ್ರ ಕಾಫಿ ಸೊರ್ರೆಂದು ಕೆಳಗಿಳಿಯುತ್ತದೆ. ತೆಗೆಯದೆ ಬಿಟ್ಟರೆ ಕೆಳಗಿನ ಬುರುಡೆ ಒಣಗಿ ಒಡೆಯುತ್ತದೆ ಎಂದು ಅಪ್ಪ ಎಚ್ಚರಿಸಿದ್ದ. ಅವ್ವ ಯಾರಿಗೂ ಮುಟ್ಟಗೊಡದೆ ಅದನ್ನು ಕಲಿತಳು. ಓಣಿಯವರು ಕಾಫಿ ಹೊಗಳಿದರೆ, ಹೊಗಳಬೇಕಾದವಳು ಇನ್ನೂ ಬಂದಿಲ್ಲ ಅನ್ನುತ್ತಿದ್ದಳು.

ಅರವತ್ತೆರಡನೇ ಇಸವಿಯಲ್ಲಿ, ಸುಗ್ಗಿ ಮುಗಿದ ಮೇಲೆ ಅವಳು ಬಂದಳು. ತನ್ನ ಮಗ ಮಾಲತೇಶನಿಗೆ ನನ್ನನ್ನು ಕೇಳಲು ಬಂದಿದ್ದಳು. ಸೋದರಮಾವನ ಮಗನಾದ್ದರಿಂದ ಕೇಳುವ ಹಕ್ಕಿತ್ತು. ನನಗೂ ಅವನೇ ಬೇಕಾಗಿತ್ತು. ಅದು ಅವ್ವನಿಗೆ ಚೆನ್ನಾಗಿಯೇ ಗೊತ್ತಿತ್ತು. ಹೆಣ್ಣು ಕೇಳಲು ಬಂದವರು ಮನೆಯಲ್ಲಿ ಏನಾದರೂ ಕುಡಿದು ಎದ್ದರೆ ನಮ್ಮಲ್ಲಿ ಮಾತು ಕೊಟ್ಟಂತೆ.

ಅವ್ವ ಊರಮ್ಮತ್ತೆಯನ್ನು ಸ್ಟೌ ಎದುರಿಗೇ ಮಣೆ ಹಾಕಿ ಕೂರಿಸಿದಳು. ನೀರು ಮೇಲಕ್ಕೇರಿ ಕಪ್ಪಗಾಯಿತು. ಮನೆಯೆಲ್ಲ ಘಮ್ಮೆಂದಿತು. ಅತ್ತೆ ಬೆರಗಾಗಿ ಲೋಟ ಮುಂದೆ ಹಿಡಿದಳು. ಅವ್ವ ಕೈಕಟ್ಟಿ ಕೂತೇ ಇದ್ದಳು.

"ಪಂಚಮ್ಯಾಗ ಮಾಡಿದ್ದು ತಪ್ಪಾತು ಅಂತ ಒಂದ್ ಮಾತ್ ಅನ್ರಿ ಅತ್ತಿಗಿ, ಇಳಸ್ತೀನಿ."

ಅತ್ತೆಗೆ ನೆನಪಾಗಲು ಕೊಂಚ ಹೊತ್ತು ಹಿಡಿಯಿತು. ನೆನಪಾದ ಮೇಲೆ, ಹೆಣ್ಣು ಕೇಳಲು ಬಂದವಳು ನಾದಿನಿಯ ಕಾಲು ಹಿಡಿಯಬೇಕೇ ಎಂದು ಕೇಳಿದಳು. ಲೋಟ ಮಾತ್ರ ಕೈಯಲ್ಲೇ ಇತ್ತು. ಕೆಳಗಿನ ಬುರುಡೆಯಲ್ಲಿ ಉಳಿದಿದ್ದ ಗುಟುಕು ನೀರೂ ಆವಿಯಾಗುತ್ತಿತ್ತು. ನಾನು ತಡೆಯಲಾರದೆ ಬಾಗಿಲ ಮರೆಯಿಂದ ಓಡಿಬಂದು ಸ್ಟೌ ಆರಿಸಲು ಕೈಹಾಕಿದೆ. ಅವ್ವ ನನ್ನ ಮುಂಗೈ ಬಿಗಿಯಾಗಿ ಹಿಡಿದಳು.

"ನೀ ಸುಮ್ನಿರು. ಇದು ನಂದು."

ಬುರುಡೆ ಫಟ್ಟೆಂದು ಒಡೆಯಿತು. ಕಾಫಿಯೆಲ್ಲ ಸ್ಟೌ ಮೇಲೆ ಸುರಿದು ಅತ್ತೆಯ ಸೀರೆ ಅಂಚಿನವರೆಗೆ ಹರಿಯಿತು. ಹೆಣ್ಣು ಕೇಳುವ ಹೊತ್ತಿಗೆ ಗಾಜು ಒಡೆದ ಮನೆಯ ಸಂಬಂಧ ತಮಗೆ ಬೇಡವೆಂದು ಅತ್ತೆ ಖಾಲಿ ಲೋಟ ಕೆಳಗಿಟ್ಟು ರೈಲಿಗೆ ಹೊರಟುಹೋದಳು. ಅವ್ವ ಗಾಜಿನ ಚೂರು ಆರಿಸುತ್ತ, ಬಾಯಲ್ಲಿ ನೀರೂರಿಸಿಕೊಂಡೇ ಹೋದಳೆಂದು ನಕ್ಕಳು. ಅಷ್ಟು ಸಂತೋಷವಾಗಿ ಅವಳು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆ ನಗುವನ್ನು ನಾನು ಕ್ಷಮಿಸಿಲ್ಲ.

ಮಾಲತೇಶ ಬಾತಿ ಹಳ್ಳಿಯ ಹುಡುಗಿಯನ್ನು ಮದುವೆಯಾದ. ನನ್ನನ್ನು ಸಾರಥಿ ಎಂಬ ಊರಿಗೆ ಕೊಟ್ಟರು.

ನಾನು ಪಂಚಮಿ ತಪ್ಪಿಸುವುದಿಲ್ಲ. ಪ್ರತಿ ವರ್ಷ ತವರಿಗೆ ಬರುತ್ತೇನೆ. ಅವ್ವ ಕಾಫಿ ಕಾಸಿ ಲೋಟ ತಂದು ನನ್ನ ಮುಂದೆ ಇಡುತ್ತಾಳೆ. ಅದು ಆರುವ ತನಕ ಕಾಯುತ್ತೇನೆ. ಆಮೇಲೆ ಅವಳ ಕಣ್ಣೆದುರೇ ಎತ್ತಿಕೊಂಡು ಹೋಗಿ, ಪಕ್ಕದ ಮನೆಯ ಎಮ್ಮೆಗೆಂದು ಹಿತ್ತಲಲ್ಲಿ ಇಟ್ಟಿರುವ ಕಲಗಚ್ಚಿನ ಬಾನಿಗೆ ಸುರಿಯುತ್ತೇನೆ. ತಪ್ಪಾಯಿತು ಅಂದರೆ ಕುಡಿಯುತ್ತೇನೆ. ಅವಳು ಅನ್ನುವವಳಲ್ಲ. ನಾನೂ ಅವಳ ಮಗಳೇ.