ಕಳಚಿಕೊಂಡು ಹೋದ ಗ್ರಾಫಿಕ್ಸ್ ಕಾರ್ಡು

ಹೆಣ್ಣು ಗಂಡನ ಮನೆ ಸೇರಿ, ಒಂದೆರಡು ಹಬ್ಬ ಕಳೆದ ಮೇಲೂ "ನಮ್ಮ ಮದಿವಿ ಸೀಡಿ ಆತೇನ್ರಿ?" ಎಂದು ಜನ ಸ್ಟುಡಿಯೋಗೆ ಎಡತಾಕುತ್ತಿದ್ದ ಕಾಲ ಅದು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಸೀಡಿ ಇದ್ದೇ ಇರುತ್ತದೆ. ಗುಲಾಬಿ ಹೂವೊಂದು ಅರಳಿ ಒಳಗಿಂದ ಮದುಮಗಳ ಮುಖ ಬರುತ್ತದೆ, ಮದುಮಗ ಹೃದಯದ ಆಕಾರದೊಳಗೆ ಗಿರಗಿರ ತಿರುಗುತ್ತಾನೆ. ನಮ್ಮ ಸೀಮೆಯಲ್ಲಿ ಅಂಥ ಗುಲಾಬಿಗಳನ್ನು ಅರಳಿಸುತ್ತಿದ್ದವರಲ್ಲಿ ನನ್ನ ಅಪ್ಪನೂ ಒಬ್ಬ.

ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಅಪ್ಪನ ಫೋಟೋ ಸ್ಟುಡಿಯೋ. ಮುಂದೆ ಫೋಟೋ ತೆಗೆಯುವ ಜಾಗ, ಹಿಂದೆ ಕಿಟಕಿಯಿಲ್ಲದ ಕೋಣೆಯಲ್ಲಿ ಕಂಪ್ಯೂಟರು. ಬೇಸಿಗೆಯಲ್ಲಿ ಆ ಕೋಣೆಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರ ಜೊತೆಗೆ ಪಕ್ಕದಂಗಡಿಯ ಮಿರ್ಚಿ ಕರಿಯುವ ಎಣ್ಣೆಯ ವಾಸನೆ. ನನಗೆ ಎರಡೂ ಇಷ್ಟ. ಶಾಲೆಗೆ ರಜೆ ಬಿಟ್ಟರೆ ನಾನು ಅಲ್ಲೇ. ಓಣಿಯ ಹುಡುಗಿಯರು ಕುಂಟಾಬಿಲ್ಲೆಗೆ ಕರೆದರೂ ಹೋಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಕಾರು ಓಡಿಸುವ ಆಟವಿತ್ತು. ಅದನ್ನು ಹಾಕಿಕೊಟ್ಟವನು ವೀರೇಶಣ್ಣ.

ವೀರೇಶಣ್ಣ ಇಟ್ಟಿಗಿಯವನು, ಅಪ್ಪನಿಗೆ ದೂರದ ಸಂಬಂಧ. ಹತ್ತನೇ ತರಗತಿ ಮುಗಿಸಿ ಕೆಲಸ ಕಲಿಯಲು ಬಂದವನು ನಮ್ಮ ಮನೆಯಲ್ಲೇ ಉಳಿದ. ಅಪ್ಪನನ್ನು ಕಾಕಾ ಎನ್ನುತ್ತಿದ್ದ, ಅವ್ವನನ್ನು ಚಿಗವ್ವ. ಅವ್ವ ಬಡಿದ ಬಿಸಿ ರೊಟ್ಟಿ ಮೊದಲು ಬೀಳುತ್ತಿದ್ದುದು ಅವನ ತಟ್ಟೆಗೆ. "ಬೆಳೆಯೋ ಹುಡುಗ" ಎನ್ನುತ್ತಿದ್ದಳು ಅವ್ವ. ನಾನೂ ಬೆಳೆಯುತ್ತಿದ್ದೆ, ಅದು ಬೇರೆ ಮಾತು. ಕ್ಯಾಮೆರಾ ಹಿಡಿಯುವುದರಿಂದ ಹಿಡಿದು ವಿಡಿಯೋ ಜೋಡಿಸುವವರೆಗೆ ಎಲ್ಲವನ್ನೂ ಅಪ್ಪ ಅವನಿಗೆ ಕೈಹಿಡಿದು ಕಲಿಸಿದ. ಕಲಿತಾದ ಮೇಲೆ, ನಾನು ಎಂಟನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಮದುವೆ ಸೀಜನ್ ಇನ್ನೇನು ಶುರುವಾಗಬೇಕು ಅನ್ನುವಾಗ, ವೀರೇಶಣ್ಣ ಒಂದು ಮಾತೂ ಹೇಳದೆ ಬಿಟ್ಟುಹೋದ. ವಾರದೊಳಗೆ ಮುಖ್ಯ ರಸ್ತೆಯಲ್ಲಿ ಅವನದೇ ಸ್ಟುಡಿಯೋ ಎದ್ದಿತು. ಗಾಜಿನ ಬಾಗಿಲು, ಒಳಗೆ ಹೊಸ ಕಂಪ್ಯೂಟರು.

ಅಪ್ಪ ಬೇಜಾರು ಮಾಡಿಕೊಂಡರೂ ಕೆಲಸ ನಿಲ್ಲಿಸಲಿಲ್ಲ. ಆದರೆ ನಮ್ಮ ಕಂಪ್ಯೂಟರು ಇದ್ದಕ್ಕಿದ್ದಂತೆ ಮುದುಕನ ಹಾಗೆ ಆಡತೊಡಗಿತು. ಗುಲಾಬಿ ಅರ್ಧ ಅರಳಿ ನಿಂತುಬಿಡುತ್ತಿತ್ತು. ತಾಳಿ ಕಟ್ಟುವಾಗ ಮದುಮಗನ ಕೈ ಗಾಳಿಯಲ್ಲೇ ಗಕ್ಕನೆ ನಿಲ್ಲುತ್ತಿತ್ತು. "ಹಳೇದಾತವಾ, ಎಷ್ಟಂತ ದುಡೀತೈತಿ" ಎಂದ ಅಪ್ಪ. ನನಗೆ ಅನುಮಾನ ಬಂದದ್ದು ಕಾರಿನ ಆಟದಿಂದ. ಹಳೆಯದಾದರೆ ನಿಧಾನವಾಗಬೇಕು. ಇದು ತೆರೆಯುತ್ತಲೇ ಇರಲಿಲ್ಲ!

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ, ನಾವೆಲ್ಲ ಸಿಪಿಯು ಎಂದು ಕರೆಯುತ್ತಿದ್ದ ಆ ದೊಡ್ಡ ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದೆ. ವೀರೇಶಣ್ಣ ಬಿಚ್ಚುವುದನ್ನು ಎಷ್ಟೋ ಸಲ ನೋಡಿದ್ದೆ. ಒಳಗೆಲ್ಲ ಕೂದಲಿನಂಥ ಧೂಳು. ಒಂದು ಕಡೆ ಮಾತ್ರ ಉದ್ದನೆಯ ಖಾಲಿ ಜಾಗ. ಅದು ನುಣ್ಣಗೆ, ಧೂಳೇ ಇಲ್ಲದೆ ಇತ್ತು. ಅಲ್ಲಿದ್ದದ್ದು ಗ್ರಾಫಿಕ್ಸ್ ಕಾರ್ಡು. ಚಿತ್ರಗಳ ಭಾರವನ್ನೆಲ್ಲ ಹೊರುವುದು ಅದೇ ಎಂದು ನನಗೆ ಹೇಳಿಕೊಟ್ಟವನೂ ವೀರೇಶಣ್ಣನೇ. ಅಪ್ಪ ಅವನನ್ನು ದಾವಣಗೆರೆಗೆ ಕಳಿಸಿ ತರಿಸಿದ್ದ ಕಾರ್ಡು ಅದು.

ಅಪ್ಪ ಬಂದು ನೋಡಿದ. "ಹೋಗ್ಲಿ ಬಿಡು. ಹೊಸದಾಗಿ ಅಂಗಡಿ ಹಾಕ್ಯಾನ, ಬೇಕಾಗಿತ್ತೇನೋ" ಅಂದ.

ಅಪ್ಪ ಬಿಟ್ಟ. ನಾನು ಬಿಡಲಿಲ್ಲ. ಅಂದೇ ಸಂಜೆ ಆ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಮದುವೆ ಬುಕ್ ಮಾಡಲು ಬಂದವರು ಕುರ್ಚಿಗಳ ತುಂಬ ಕುಳಿತಿದ್ದರು.

"ಅಣ್ಣ, ನಮ್ಮ ಕಂಪ್ಯೂಟರಿನ ಕಾರ್ಡ್ ನಿನ್ನ ಹತ್ರ ಐತೇನು?"

ಅವನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಜೋರಾಗಿ ನಕ್ಕ. "ಇಕಿ ನಮ್ಮ ಕಾಕಾನ ಮಗಳ್ರಿ" ಎಂದು ಬಂದವರಿಗೆ ಹೇಳಿ, ನನ್ನತ್ತ ತಿರುಗಿದ. "ಏ ಗಿರಿಜಾ, ಆ ಡಬ್ಬಾಕ್ಕ ಎಂಥಾ ಕಾರ್ಡು? ನಿಮ್ಮಪ್ಪಗ ಹೇಳು, ಗುಜರಿಗೆ ಹಾಕು ಅಂತ. ಇಲ್ಲಾಂದ್ರ ನಿಮ್ಮವ್ವಗ ಕೊಡು, ಕುಂದ್ರೋ ಮಣಿ ಮಾಡ್ಕೊಂಡು ರೊಟ್ಟಿ ಬಡೀತಾಳ."

ಎಲ್ಲರೂ ನಕ್ಕರು. ಅವನು ನನ್ನ ಕೈಗೊಂದು ಚಾಕಲೇಟು ಇಟ್ಟು ಬಾಗಿಲು ತೆರೆದ. ಹೊರಗೆ ಬಂದು ಅದನ್ನು ಚರಂಡಿಗೆ ಎಸೆದೆ. ಅಪ್ಪನನ್ನು ಅಂದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಅವ್ವನ ರೊಟ್ಟಿಯನ್ನು, ಅದೇ ರೊಟ್ಟಿ ತಿಂದ ಬಾಯಿಂದ ಅಂದನಲ್ಲ! ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು. ನಾದುವ ಕೈ ಜೋರಾಯಿತು.

ಹೊಸ ಕಾರ್ಡು ತರಿಸಿದವಳು ಅವ್ವನೇ. ಅಪ್ಪನ ಬೆನ್ನು ಬಿದ್ದು ದಾವಣಗೆರೆಗೆ ಅಟ್ಟಿದಳು. ಮೊದಲಿನದಕ್ಕಿಂತ ಒಂದು ಕೈ ಮೇಲಾದದ್ದೇ ಬೇಕು ಎಂದಳು. ಅಪ್ಪ ತಂದದ್ದು ಯಾರೋ ಬಳಸಿ ಮಾರಿದ್ದು. ಆದರೆ ಇಟ್ಟಿಗೆಯಷ್ಟು ದಪ್ಪ, ಮೇಲೊಂದು ಕಪ್ಪು ಫ್ಯಾನು. "ಕಟ್ ಅಂತ ಸಪ್ಪಳ ಬರೋತನ ಒತ್ತು, ಆತು ಅಂದಾನ ಅಂಗಡಿಯವ" ಎಂದು ಅಪ್ಪ ಡಬ್ಬಿ ನನ್ನ ಕೈಗೆ ಕೊಟ್ಟ. ಕ್ಯಾಮೆರಾ ಆದರೆ ಕಣ್ಣು ಮುಚ್ಚಿ ಬಿಚ್ಚುತ್ತಿದ್ದ, ಕಂಪ್ಯೂಟರಿನ ಒಳಗೆ ಕೈ ಇಡಲು ಮಾತ್ರ ಅಪ್ಪನಿಗೆ ಭಯ.

ಧೂಳನ್ನೆಲ್ಲ ಬಣ್ಣದ ಬ್ರಷ್ಷಿನಿಂದ ತೆಗೆದೆ. ಕಾರ್ಡು ಬಲು ಉದ್ದ. ಹಾರ್ಡ್‌ಡಿಸ್ಕಿನ ವೈರನ್ನು ಆಚೆ ಸರಿಸಿದ ಮೇಲಷ್ಟೇ ಹಿಡಿಸಿತು. ಒತ್ತಿದೆ. ಕಟ್ ಎಂದಿತು. ಸ್ವಿಚ್ ಹಾಕಿದೆ.

ಫ್ಯಾನು ಕಿರುಚತೊಡಗಿತು. ಸುಮ್ಮನೆ ತಿರುಗುವ ಸದ್ದಲ್ಲ. ಹಿಟ್ಟಿನ ಗಿರಣಿಗೆ ಕಾಳು ಹಾಕದೆ ಬಿಟ್ಟರೆ ಕಿರುಚುತ್ತದಲ್ಲ, ಹಾಗೆ. ಪರದೆಯ ಮೇಲೆ ಏನೂ ಇಲ್ಲ, ಬರೀ ಕಪ್ಪು. ಬಿಚ್ಚಿ ಮತ್ತೆ ಹಾಕಿದೆ. ಅದೇ ಕಿರುಚಾಟ, ಅದೇ ಕಪ್ಪು. ಪಕ್ಕದ ಓಣಿಯಲ್ಲಿ ಟಿವಿ ರಿಪೇರಿ ಮಾಡುತ್ತಿದ್ದ ಖಾಜಾ ಮಾಮಾನನ್ನು ಅಪ್ಪ ಕರೆತಂದ. ಅವನು ಕಿವಿಗೊಟ್ಟು ಕೇಳಿ, "ಸುಟ್ಟೈತ್ರಿ ಇದು. ನಿಮಗ ಟೋಪಿ ಹಾಕ್ಯಾರ" ಎಂದುಬಿಟ್ಟ. ಅಪ್ಪ ಕಾರ್ಡನ್ನು ಮರಳಿಸಲೆಂದು ಡಬ್ಬಿಯಲ್ಲಿಟ್ಟ.

ನನಗೆ ಅಳು ಬರಲಿಲ್ಲ. ಬರೀ ಸಿಟ್ಟು. ಗಾಜಿನ ಬಾಗಿಲ ಹಿಂದಿನ ಆ ನಗು ಕಿವಿಯಲ್ಲಿ ಕೊರೆಯುತ್ತಿತ್ತು. ಮರುದಿನ ಡಬ್ಬಿಯಿಂದ ಕಾರ್ಡು ತೆಗೆದು ಅಜ್ಜಿ ಮೊಮ್ಮಗುವನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದೆ. ಅದರ ಬಾಲದ ತುದಿಯಲ್ಲಿ ಆರು ತೂತುಗಳ ಒಂದು ಪುಟ್ಟ ಬಾಯಿ ಇತ್ತು. ಹಳೆಯ ಕಾರ್ಡಿಗೆ ಅಂಥದ್ದು ಇದ್ದ ನೆನಪಿಲ್ಲ. ಬಾಯಿ ಇದೆ ಎಂದರೆ ಅದಕ್ಕೆ ಏನೋ ತಿನ್ನಲು ಕೊಡಬೇಕು ತಾನೇ? ಡಬ್ಬಿಯನ್ನು ಬೋರಲು ಹಾಕಿ ಕೊಡವಿದೆ. ತಳದ ರಟ್ಟಿನ ಕೆಳಗಿಂದ ಸುತ್ತಿಟ್ಟ ಒಂದು ವೈರು ಬಿತ್ತು. ಒಂದು ತುದಿಗೆ ಆರು ಕಡ್ಡಿಯ ಪ್ಲಗ್ಗು, ಇನ್ನೊಂದು ತುದಿ ಎರಡಾಗಿ ಸೀಳಿತ್ತು. ಆ ಎರಡನ್ನೂ ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಿಯ ವೈರುಗಳಿಗೆ ಸಿಕ್ಕಿಸಿ, ಆರು ಕಡ್ಡಿಯದನ್ನು ಕಾರ್ಡಿನ ಬಾಯಿಗೆ ಒತ್ತಿದೆ.

ಸ್ವಿಚ್ ಹಾಕಿದೆ. ಫ್ಯಾನು ಒಮ್ಮೆ ಉಸಿರೆಳೆದು ಮೆತ್ತಗಾಯಿತು. ಪರದೆ ಬೆಳಗಿತು. "ಅಪ್ಪಾ!" ಎಂದು ನಾನು ಕೂಗಿದ ಕೂಗಿಗೆ ಮಿರ್ಚಿ ಅಂಗಡಿಯವನೂ ಓಡಿಬಂದ.

ಅಷ್ಟಕ್ಕೇ ಮುಗಿಯಲಿಲ್ಲ. ವಿಡಿಯೋ ಜೋಡಿಸಲು ಕೂತರೆ ಕಂಪ್ಯೂಟರು ದೀಪ ಆರಿದಂತೆ ಆರಿಹೋಗುತ್ತಿತ್ತು. ಸುಮ್ಮನಿದ್ದಾಗ ಆರುತ್ತಿರಲಿಲ್ಲ, ದುಡಿಸಿದಾಗ ಮಾತ್ರ. ಈ ಸಲ ಖಾಜಾ ಮಾಮಾನ ಊಹೆ ಸರಿಯಾಯಿತು. "ಕರೆಂಟ್ ಸಾಲ್ವಲ್ದವಾ ಅದಕ" ಎಂದು ತನ್ನಲ್ಲಿದ್ದ ಒಂದು ದೊಡ್ಡ ಕರೆಂಟಿನ ಡಬ್ಬಿ ತಂದು ಕೂರಿಸಿದ. ಆಮೇಲೆ ಕಾರ್ಡಿನ ಜೊತೆ ಬಂದಿದ್ದ ಸೀಡಿ ಹಾಕಿ, ಅದು ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಒತ್ತುತ್ತಾ ಹೋದೆ. ಕಡೆಗೆ ಕಾರಿನ ಆಟ ತೆರೆದೆ. ರಸ್ತೆ, ಮರ, ಮರದ ನೆರಳು ಎಲ್ಲ ಬಂದವು. ಮೊದಲು ನೆರಳು ಇರಲೇ ಇಲ್ಲ.

ಆ ಸೀಜನ್ನಿನ ದೊಡ್ಡ ಮದುವೆ ಬಾಗಳಿಯಲ್ಲಿ. ಗಂಡಿನವರು ನಮ್ಮೂರಿನವರು, ಅಪ್ಪನಿಗೆ ಹೇಳಿದ್ದರು. ಹೆಣ್ಣಿನವರು ವೀರೇಶಣ್ಣನಿಗೆ ಹೇಳಿದ್ದರು. ಒಂದೇ ಹಂದರದಲ್ಲಿ ಇಬ್ಬರೂ ಕ್ಯಾಮೆರಾ ಹಿಡಿದು ಅಕ್ಷತೆಯ ನಡುವೆ ಭುಜ ತಾಗಿಸಿ ನಿಂತಿದ್ದರಂತೆ. ಬೀಗರ ಊಟದ ದಿನ ಎಲ್ಲರೆದುರು ಟಿವಿಯಲ್ಲಿ ವಿಡಿಯೋ ಹಾಕಬೇಕೆಂದು ಮಾತಾಗಿತ್ತು. ಯಾರದ್ದು ಚೆನ್ನಾಗಿ ಬರುತ್ತದೋ ತಮ್ಮ ಮನೆತನದ ಮುಂದಿನ ಮದುವೆಗಳೆಲ್ಲ ಅವರಿಗೇ ಎಂದು ಗಂಡಿನ ದೊಡ್ಡಪ್ಪ ಹೇಳಿದ್ದ. ಆ ಮಾತನ್ನು ಅಪ್ಪ ಮರೆತ, ಅವ್ವ ಮರೆಯಲಿಲ್ಲ.

ನಮ್ಮದು ಒಂದು ದಿನ ಮೊದಲೇ ತಯಾರಾಯಿತು. ಗುಲಾಬಿ ನಿಲ್ಲದೆ ಅರಳಿತು. ಬೀಗರ ಊಟದ ದಿನ ಬೆಳಿಗ್ಗೆ ಅಪ್ಪ ಸೀಡಿಗೆ ಫೋಟೋ ಅಂಟಿಸುತ್ತಿದ್ದಾಗ ವೀರೇಶಣ್ಣ ಬಂದ. ಬಿಟ್ಟುಹೋದ ಮೇಲೆ ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು. ಅಂಗಿಯೆಲ್ಲ ಬೆವರು.

"ಕಾಕಾ, ಸಿಸ್ಟಮ್ ಕೈಕೊಟ್ಟೈತಿ. ಸೆಕಿ ಅಂತ ಫ್ಯಾನಿನ ಕಡಿ ಸರಿಸಿ ಇಟ್ಟಿದ್ದೆ, ಆಗಿಂದ ಚಾಲೂನ ಆಗವಲ್ದು. ನಿಮ್ಮ ಕಂಪ್ಯೂಟರ್ ಗಿರಿಜಾನ ಸರಿ ಮಾಡ್ಯಾಳಂತಲ್ಲ. ಒಂದೀಟು ಕಳಿಸ್ರಿ."

"ಹೋಗವಾ, ನೋಡಿ ಬಾ" ಎಂದ ಅಪ್ಪ. ಅಪ್ಪ ಹಾಗೇ.

ಗಾಜಿನ ಬಾಗಿಲ ಹೊರಗಿರುವಾಗಲೇ ನನಗೆ ಕೇಳಿಸಿತು. ಅದೇ ಕಿರುಚಾಟ! ಒಳಗೆ ಮದುಮಗಳ ಅಣ್ಣಂದಿರು ಕುಳಿತಿದ್ದರು, ಮುಖ ಗಂಟು ಹಾಕಿಕೊಂಡು. ವೀರೇಶಣ್ಣ ಮುಚ್ಚಳ ತೆಗೆದು ಟಾರ್ಚು ಹಿಡಿದ. ನಮ್ಮದನ್ನು ಮಾರಿ ಕೊಂಡನೋ ಏನೋ, ಒಳಗಿದ್ದದ್ದು ನಮ್ಮ ಹೊಸದರಂಥದೇ ದಪ್ಪ ಕಾರ್ಡು. ವೈರಿನ ಗೊಂಚಲಿನ ನಡುವೆ, ಅದರ ಬಾಲದ ಕೆಳಗೆ, ಆರು ಕಡ್ಡಿಯ ಪ್ಲಗ್ಗು ಕಳಚಿ ನೇತಾಡುತ್ತಿತ್ತು. ಡಬ್ಬಿ ಸರಿಸುವಾಗ ಸಡಿಲವಾಗಿ ಬಿದ್ದಿರಬೇಕು. ಅವನ ಟಾರ್ಚಿನ ಬೆಳಕು ಅದರ ಮೇಲೆ ಹಾದುಹೋಯಿತು, ಅವನಿಗೆ ಕಾಣಲಿಲ್ಲ. ನಾನು ಕೈ ಚಾಚಿದ್ದರೆ ಸಾಕಿತ್ತು.

ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡೆ.

"ಏನಾಗೇತೀಂತ ಗೊತ್ತಾತೇನು?"

"ಗೊತ್ತಾತು."

"ಏನು?"

"ಹೇಳಂಗಿಲ್ಲ."

ಅವನು ನಕ್ಕ. "ಹುಡುಗಾಟ ಆಡಬ್ಯಾಡವಾ, ಮಂದಿ ಕುಂತಾರ."

"ನಮ್ಮ ಕಾರ್ಡ್ ಕಳಚಿಕೊಂಡು ಬಂದ್ಯಲ್ಲ, ಅದು ಹುಡುಗಾಟೇನು? ನಮ್ಮವ್ವನ ರೊಟ್ಟಿ ತಿಂದು, ಮಂದಿ ಮುಂದ ನಮ್ಮವ್ವನ್ನ ಆಡಿಕೊಂಡಿ. ನಾ ಹೇಳಂಗಿಲ್ಲ. ದಾವಣಗೇರಿಗೆ ಒಯ್ಯಿ."

"ಯಾವ ಕಾರ್ಡ್ ಅದು, ವೀರೇಶಾ?" ಎಂದು ಮದುಮಗಳ ಹಿರಿಯಣ್ಣ ಎದ್ದು ನಿಂತ. ವೀರೇಶಣ್ಣ ಏನೋ ತೊದಲಿದ. ಪೂರ್ತಿ ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಬಾಗಿಲು ನಾನೇ ತೆರೆದುಕೊಂಡು ಬಂದೆ. ಆ ಮಧ್ಯಾಹ್ನ ವೀರೇಶಣ್ಣ ಸಿಪಿಯು ತೊಡೆಯ ಮೇಲಿಟ್ಟುಕೊಂಡು ದಾವಣಗೆರೆ ಬಸ್ಸಿನಲ್ಲಿ ಕುಳಿತಿದ್ದನ್ನು ಓಣಿಯ ಬಾಯಲ್ಲಿ ನಿಂತು ನೋಡಿದೆ. ಅವನೂ ನನ್ನನ್ನು ನೋಡಿದ. ಬಾಗಳಿಯಲ್ಲಿ ಆ ದಿನ ಹೆಣ್ಣಿನವರ ಟಿವಿಯಲ್ಲೂ ಓಡಿದ್ದು ಅಪ್ಪನ ಸೀಡಿ.

ಅಪ್ಪ ಬಹಳ ಬೈದ. "ಮಂದಿ ಮುಂದ ಮಾನ ಕಳೀತಾರೇನವಾ? ಏನಾಗಿತ್ತು ಹೇಳು, ನಾನರ ಫೋನ್ ಮಾಡಿ ಹೇಳ್ತೀನಿ." ನಾನು ಅಪ್ಪನಿಗೂ ಹೇಳಲಿಲ್ಲ. ಅಪ್ಪ ಎದ್ದುಹೋದ ಮೇಲೆ ಅವ್ವ ಅಡುಗೆಮನೆಯಿಂದ ಕರೆದಳು. "ಖರೇನ ಗೊತ್ತಿತ್ತೇನು?"

"ಹೂಂ. ಒಂದು ವೈರ್ ಕಳಚಿತ್ತು, ಅಷ್ಟ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಭುಜ ಕುಲುಕುವ ಹಾಗೆ ನಕ್ಕಳು. ಆಮೇಲೆ ಹೆಂಚಿನಿಂದ ಎದ್ದ ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆಯ ಮುದ್ದೆ ಇಟ್ಟಳು. ನನಗೆ ಆಗಲೂ ಪಶ್ಚಾತ್ತಾಪವಾಗಲಿಲ್ಲ, ಈಗಲೂ ಇಲ್ಲ.

ನಾನೀಗ ಕೂಡ್ಲಿಗಿಯಲ್ಲಿ ಶಾಲೆಯ ಟೀಚರು. ಮೊಬೈಲು ಬಂದ ಮೇಲೆ ಅಪ್ಪ ಸ್ಟುಡಿಯೋ ಮುಚ್ಚಿದ. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಈಗ ಯಾರದೋ ಮೆಡಿಕಲ್ ಸ್ಟೋರಿನ ದಾಸ್ತಾನು. ಅವ್ವ ಹೋಗಿ ಎರಡು ಮಳೆಗಾಲವಾಯಿತು. ಈಗಿನ ಲ್ಯಾಪ್‌ಟಾಪು ಕೆಟ್ಟರೆ ಅದನ್ನು ಬಿಚ್ಚುವ ಸ್ಕ್ರೂ ಕೂಡ ನನಗೆ ಕಾಣುವುದಿಲ್ಲ. ಮೋಸವಾದರೆ ಯಾವುದೋ ಊರಿನ ಕಂಪನಿಗೆ ಫೋನು ಮಾಡಬೇಕು, ಅಲ್ಲಿ ಬೈಯಲು ಒಂದು ಮುಖವೂ ಸಿಗುವುದಿಲ್ಲ.

ಮೊನ್ನೆ ಊರಿಗೆ ಹೋದಾಗ ಚಾರ್ಜರು ಕೊಳ್ಳಲೆಂದು ವೀರೇಶಣ್ಣನ ಅಂಗಡಿಗೆ ಹೋದೆ. ಅವನ ಸ್ಟುಡಿಯೋವೂ ಈಗ ಮೊಬೈಲ್ ಕವರ್ ಮಾರುವ ಅಂಗಡಿ. ನನ್ನನ್ನು ಕಂಡು ಕುರ್ಚಿ ಒರೆಸಿದ. "ಚಿಗವ್ವನ ಕೈರುಚಿ ಇನ್ನ ನಾಲಿಗಿ ಮ್ಯಾಲೈತಿ ನೋಡವಾ" ಎಂದ. ಕಣ್ಣಲ್ಲಿ ನೀರಿತ್ತು.

ನಾನು ಮೆಲ್ಲಗೆ ಕೇಳಿದೆ. "ಬಾಗಳಿ ಮದಿವಿ ನೆನಪೈತೇನಣ್ಣ?"

"ಯಾವ ಬಾಗಳಿ?" ಅವನು ಹಣೆ ತಿಕ್ಕಿಕೊಂಡ. "ಎಷ್ಟು ಮದಿವಿ ಮಾಡೀನೋ. ಒಂದೂ ನೆನಪಿಲ್ಲವಾ."

ನಟನೆಯಲ್ಲ. ನಿಜವಾಗಿಯೂ ಮರೆತಿದ್ದ. ಕಾರ್ಡು, ಬಸ್ಸು, ನಾನು ಎಲ್ಲವನ್ನೂ. ಅಷ್ಟು ದೊಡ್ಡ ಗೆಲುವು ನನ್ನೊಬ್ಬಳ ಪಾಲಿಗೆ ಉಳಿದಿತ್ತು. ಚಾರ್ಜರು ತೆಗೆದು ಕೊಡಲು ಬಂದವನಿಗೆ "ಬ್ಯಾಡ ಬಿಡಣ್ಣ" ಎಂದು ಎದ್ದು, ಅವನು ನೋಡುತ್ತಿರುವಾಗಲೇ ಎದುರಿನ ಅಂಗಡಿಗೆ ಹೋಗಿ ಕೊಂಡೆ. ಮನೆಗೆ ಓಡಿಹೋಗಿ ಇದನ್ನು ಹೇಳಬೇಕೆನ್ನಿಸಿತು. ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಗುವವರು ಯಾರೂ ಇರಲಿಲ್ಲ.