ಔಷಧಿಗೊಂದು ಹಿಡಿ ಮಣ್ಣು

"ಯಾರ್ನವ್ವ ಮಣ್ಮಾಡ್ತಿರೋದು?"

ನರ್ಸಾಗಿದ್ದ ನಾನು, ಮಳವಳ್ಳಿಯ ಆಸ್ಪತ್ರೆಯ ಹಿತ್ತಲಲ್ಲಿ, ಗುಂಡಿಯ ಪಕ್ಕ ನಿಂತಿದ್ದವಳು ಬೆಚ್ಚಿ ತಿರುಗಿದೆ. ಕಣ್ಣಿಗೆ ಮದ್ದು ಹಾಕಿಸಿಕೊಂಡ ಮುದುಕಿಯೊಬ್ಬಳು ಗೋಡೆ ಹಿಡಿದು ನಿಂತಿದ್ದಳು. ಸೀಸೆಗಳನ್ನು ಒಡೆದು ಗುಂಡಿಗೆ ಸುರಿಯುತ್ತಿದ್ದ ಜವಾನನಿಗೆ ನಾನು "ಬೇಗ ಮಣ್ಣು ಮಾಡಪ್ಪ" ಅಂದದ್ದು ಅವಳ ಕಿವಿಗೆ ಬಿದ್ದಿತ್ತು.

"ಯಾರನ್ನೂ ಅಲ್ಲ ಕಣಜ್ಜಿ. ಗಂಟಲಮಾರಿ ಔಷಧಿ. ವಾಯಿದೆ ಮುಗಿದಿದೆ, ಇನ್ನು ಯಾರಿಗೂ ಚುಚ್ಚೋ ಹಾಗಿಲ್ಲ" ಅಂದೆ.

ಅಜ್ಜಿ ಗೋಡೆ ಬಿಟ್ಟು ಗುಂಡಿಯ ಹತ್ತಿರ ಬಂದಳು. "ನನ್ ಮೊಮ್ಮಗಳ್ನ ಎತ್ಕಂಡ್ ಬಂದಾಗ ಇಲ್ಲ ಅಂದ್ರಲ್ಲವ್ವ."

ಆಗ ನಿಜಕ್ಕೂ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲ, ಬರೆದು ತರಿಸಿದ ಔಷಧಿ ಮೈಸೂರಿನಿಂದ ಬರುವಷ್ಟರಲ್ಲಿ ಆ ಕೂಸು ತೀರಿಹೋಗಿತ್ತು. ಆಮೇಲೆ ಆ ಕಾಯಿಲೆಯವರು ಯಾರೂ ಬರಲಿಲ್ಲ. ಔಷಧಿ ಬೀರುವಿನಲ್ಲೇ ಕೆಟ್ಟಿತು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಅವ್ಳು ಹೋದ್ಮೇಲೆ ಬಂತಾ" ಅಂದಳು ಅಜ್ಜಿ. ಬಗ್ಗಿ, ತಡಕಾಡಿ, ಒಂದು ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕಿದಳು. ಮಸಣದಿಂದ ಹೊರಡುವವರಂತೆ, ಹಿಂದಿರುಗಿ ನೋಡದೆ ಹೋದಳು. ಜವಾನ ತಲೆಯ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಈಗಲೂ ಔಷಧಿ ಹೂಳುವ ದಿನ ಮೊದಲ ಹಿಡಿ ಮಣ್ಣು ನಾನೇ ಹಾಕುತ್ತೇನೆ. ಅದು ಯಾರು ಹೋದಮೇಲೆ ಬಂದದ್ದೋ.