ಮೂರು ಕೂಗಿನ ನಿಯಮ

ಊರವರ ಅಭಿಪ್ರಾಯ ಕೇಳುವ ಸಭೆಗಳ ಬಗ್ಗೆ ನನಗೆ ಗೌರವವಿಲ್ಲ. ನಮ್ಮೂರಿನ ಅಂಥ ಮೊದಲ ಸಭೆಯ ದಫ್ತರ ಬರೆದವನು ನಾನೇ.

ಸುರಪುರಕ್ಕೂ ಶಹಾಪುರಕ್ಕೂ ನಡುವಿನ ಸಣ್ಣ ಊರು ನಮ್ಮದು, ಅದಕ್ಕೊಂದು ಪುರಸಭೆ. ಕನ್ನಡ ಸೀಮೆಗಳು ಒಂದಾದ ಹೊಸತು. ಹೈದರಾಬಾದಿನಿಂದ ಬರುತ್ತಿದ್ದ ಅನುದಾನ ನಿಂತಿತ್ತು, ಬೆಂಗಳೂರಿನದು ಇನ್ನೂ ದಾರಿಯಲ್ಲಿತ್ತು. ಬರುವ ವರ್ಷದ ಬಜೆಟ್ಟಿನಲ್ಲಿ ಒಂದು ಖರ್ಚನ್ನಾದರೂ ಕಡಿಯಲೇಬೇಕು. ಕಡಿದ ಅಪವಾದ ತಮಗೆ ತಟ್ಟಬಾರದೆಂದು ಅಧ್ಯಕ್ಷರು, "ಊರವರನ್ನ ಕೇಳೂಣ್ರಿ" ಎಂದರು. ಪ್ರಜಾಪ್ರಭುತ್ವ ನಮ್ಮಲ್ಲಿಗೆ ಬಂದದ್ದು ಹೀಗೆ.

ಕಡಿಯಲು ಮೂರು ಬಾಬತ್ತುಗಳಿದ್ದವು: ಬೀದಿಯ ಕಂದೀಲುಗಳು, ವಾಚನಾಲಯದ ಪತ್ರಿಕೆಗಳು, ಮತ್ತು ಪುರಸಭೆಯ ದಾಯಿ. ಹೆರಿಗೆ ಮಾಡಿಸಲು ಹೈದರಾಬಾದಿನಲ್ಲಿ ಕಲಿತು ಬಂದ ಹೆಂಗಸು ಅವಳು. ಕತ್ತರಿಯನ್ನು ಕುದಿಸದೆ ಮುಟ್ಟುತ್ತಿರಲಿಲ್ಲ. ಅವಳಿಲ್ಲವೆಂದರೆ ಕಷ್ಟದ ಹೆರಿಗೆಗೆ ಬಂಡಿ ಕಟ್ಟಿ ಯಾದಗಿರಿಗೆ ಹೋಗಬೇಕು. ಅಷ್ಟು ದೂರ ಎಷ್ಟು ಬಸುರಿಯರು ತಡೆದಾರು?

ನಾನು ಆಗಷ್ಟೇ ಸೇರಿದ ಗುಮಾಸ್ತ. ಹತ್ತಕ್ಕೆ ಐದು ನಿಮಿಷವಿರುವಾಗ ಕುರ್ಚಿಯಲ್ಲಿರುತ್ತಿದ್ದೆ. ಸಭೆಯ ಕ್ರಮವನ್ನು ನಿಜಾಮರ ಕಾಲದ ಕಚೇರಿ ಪದ್ಧತಿಯಿಂದಲೇ ಎತ್ತಿಕೊಂಡೆ: ಮನೆಪಟ್ಟಿ ಕಟ್ಟುವವರ ಹೆಸರನ್ನು ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಬೇಕು. ಕರೆಸಿಕೊಂಡವರು ಮೇಜಿನ ಮುಂದೆ ಬಂದು ಹೇಳಬೇಕು. ಬಾರದವರು ಗೈರು ಹಾಜರು.

ಎಣ್ಣೆ ಅಂಗಡಿಯವ ಮೊದಲು ಬಂದ. "ಕಂದೀಲ ತಗದ್ರ ಕಳ್ಳರು ಬರ್ತಾರ್ರಿ."

"ಕಂದೀಲಿಗೆ ಎಣ್ಣಿ ಯಾರ ಅಂಗಡಿದು? ಅದನ್ನೂ ಬರಸ್ರಿ" ಎಂದ ಹಿಂದಿನಿಂದೊಬ್ಬ.

ಊರಲ್ಲಿ ಪತ್ರಿಕೆ ಓದುವವರು ನಾಲ್ಕು ಜನ. ನಾಲ್ವರೂ ಬಂದು, ಪತ್ರಿಕೆ ನಿಂತರೆ ದೇಶವೇ ನಿಲ್ಲುತ್ತದೆಂಬಂತೆ ಮಾತಾಡಿದರು. ದಾಯಿಯ ಮಾತೆತ್ತಿದಾಗ ಮಾತ್ರ, "ಹೆಣ್ಮಕ್ಕಳ ವಿಚಾರ, ಗಂಡಸರು ಕುಂತಲ್ಲಿ ಯಾಕ್ರಿ?" ಎಂದು ಎಲ್ಲರೂ ತಲೆತಗ್ಗಿಸಿದರು. ವರ್ಷಕ್ಕೊಂದು ತೊಟ್ಟಿಲು ಕಟ್ಟುವವರ ನಾಚಿಕೆ ಅದು!

ಪಟ್ಟಿಯಲ್ಲಿ ಹೆಣ್ಣಿನ ಹೆಸರು ಒಂದೇ, ಕುರಿ ಸಾಕುವ ಒಬ್ಬ ವಿಧವೆಯದು. ಓಣಿಯ ಹತ್ತು ಹೆಂಗಸರನ್ನು ಕರೆದುಕೊಂಡು ಅವಳು ಮೆಟ್ಟಿಲ ಕೆಳಗೆ ನಿಂತಿದ್ದಳು. ಜವಾನ ಹೆಸರು ಕೂಗಿದ.

"ಇದ್ದೀನ್ರಿ!"

"ಮ್ಯಾಲ ಬಾ ಯಮ್ಮ."

"ಮಾವಗೋಳು ಕುಂತಾರ, ಅವರ ಮುಂದ ಹ್ಯಾಂಗ ಬರ್ಲಿ? ಇಲ್ಲಿಂದನ ಹೇಳ್ತೀನಿ, ಕಿವಿ ಅದಾವಲ್ಲ? ನಮಗ ದಾಯವ್ವ ಬೇಕು. ನಿಮ್ಮ ಕಂದೀಲ ಹೊತ್ಕೊಂಡು ಹೋಗ್ರಿ!"

ಸಭೆ ನಕ್ಕಿತು. ಅಧ್ಯಕ್ಷರು ನನ್ನತ್ತ ನೋಡಿದರು. ನಾನು ಎದ್ದು ನಿಂತು ನಿಯಮ ಓದಿದೆ: ಮೇಜಿನ ಮುಂದೆ ಬಾರದವರ ಮಾತು ದಫ್ತರಕ್ಕೆ ಸೇರದು. ಜವಾನ ಎರಡನೆಯ ಸಲ ಕೂಗಿದ, ಮೂರನೆಯ ಸಲ ಕೂಗಿದ. ಪ್ರತಿ ಕೂಗಿಗೂ ಅವಳ ಉತ್ತರ ಇನ್ನಷ್ಟು ಗಟ್ಟಿಯಾಯಿತು. ಮೂರನೆಯ "ಇದ್ದೀನ್ರಿ" ಕಿವಿಗೆ ಬೀಳುತ್ತಿರುವಾಗಲೇ ಅವಳ ಹೆಸರಿನ ಮುಂದೆ ದುಂಡಗೆ ಬರೆದೆ: ಗೈರು ಹಾಜರು.

ಠರಾವೂ ನನ್ನದೇ ಅಕ್ಷರದಲ್ಲಿದೆ. ದಾಯಿ ಬೇಕೆಂದು ಯಾರೂ ಕೇಳದ ಕಾರಣ, ಸಾರ್ವಜನಿಕರ ಇಚ್ಛೆಯಂತೆ ಹುದ್ದೆ ರದ್ದು. ಅಧ್ಯಕ್ಷರು ನನ್ನ ಬೆನ್ನು ತಟ್ಟಿ, "ಭಾಳ ಶಿಸ್ತಿನವ" ಎಂದರು. ನಾನು ಹಿಗ್ಗಿದೆ. ಅಷ್ಟು ದಡ್ಡನಿದ್ದೆ.

ವಾರದ ನಂತರ ದಾಯಿ ಪೆಟ್ಟಿಗೆ ಹಿಡಿದು ಕಚೇರಿಗೆ ಬಂದಳು. ಮೆಟ್ಟಿಲು ಹತ್ತಿ ಸೀದಾ ನನ್ನ ಮೇಜಿನ ಮುಂದೆ ನಿಂತಳು.

"ಯಾರು ಬ್ಯಾಡಂದ್ರೋ ತಮ್ಮಾ ನನ್ನ?"

"ಬ್ಯಾಡ ಅಂದವ್ರು ಯಾರೂ ಇಲ್ಲ ದಾಯವ್ವ. ಬೇಕಂದಾಕಿ ಮೇಜಿನ ಮುಂದ ಬರಲಿಲ್ಲ. ಮೂರು ಸಲ ಕೂಗಿಸೀನಿ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನ ಹಡಿಯೂ ಮುಂದ ನಿಮ್ಮವ್ವ ಒಂದು ಹಗಲು, ಒಂದು ರಾತ್ರಿ ತ್ರಾಸು ತಿಂದಾಳ. ನೀ ಕಾಲು ಮುಂದ ಮಾಡಿ ಕುಂತಿದ್ದಿ. ನಾನೂ ಮೂರು ಸಲ ಕರದು, ಬರಲಿಲ್ಲಂತ ಗೈರು ಹಾಜರಿ ಬರದು, ಕೈ ತೊಳ್ಕೊಂಡು ಎದ್ದು ಹೋಗಬೇಕಿತ್ತೇನೋ?"

ಜವಾನ ಬಾಗಿಲಲ್ಲಿ ಬಾಯಿಗೆ ಟವೆಲು ಒತ್ತಿಕೊಂಡು ನಿಂತಿದ್ದ. ಅವಳು ಪೆಟ್ಟಿಗೆ ಎತ್ತಿಕೊಂಡು ಯಾದಗಿರಿಯ ಬಂಡಿ ಹತ್ತಿದಳು. ನಾನು ದಫ್ತರ ತೆರೆದು ಆ ವಿಧವೆಯ ಸಾಲಿನ ಮೇಲೆ ಗೀಟೆಳೆದು, "ಹಾಜರು, ದಾಯಿ ಬೇಕೆಂದಳು" ಎಂದು ಬರೆದೆ. ಅದನ್ನು ಕಂಡ ಅಧ್ಯಕ್ಷರು, ಸಹಿಯಾದ ಪುಟ ತಿದ್ದಿದ್ದಕ್ಕೆ ನನ್ನಿಂದ ಲಿಖಿತ ವಿವರಣೆ ಕೇಳಿದರು.